ಬಲ್ಬು ಬದಲಿಸುವ ಮೊದಲು ಮೀಟರು ನೋಡಿ: ಕರಾವಳಿಯ ಅಂಗಡಿ, ಹೋಟೆಲು, ವರ್ಕ್‌ಶಾಪುಗಳಲ್ಲಿ ಬೆಳಕಿನ ಖರ್ಚು ಇಳಿಸುವ ಬಗೆ

ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಗೆ ಹೇಳುವ ಸಲಹೆಯನ್ನೇ ಮಲ್ಪೆಯ ಐಸ್ ಪ್ಲಾಂಟಿಗೂ ಹೇಳಿದರೆ ತಪ್ಪಾಗುತ್ತದೆ. ಬಟ್ಟೆ ಅಂಗಡಿಯಲ್ಲಿ ಕರೆಂಟು ತಿನ್ನುವುದು ದೀಪ ಮತ್ತು ಎಸಿ. ಐಸ್ ಪ್ಲಾಂಟಿನಲ್ಲಿ ಕಂಪ್ರೆಸರಿನ ಮುಂದೆ ನಾಲ್ಕು ಟ್ಯೂಬ್‌ಲೈಟು ಯಾವ ಲೆಕ್ಕಕ್ಕೂ ಬಾರದು. ಹಾಗಾಗಿ ದೀಪ ಬದಲಿಸಿದರೆ ನಿಮಗೆ ಎಷ್ಟು ಉಳಿಯುತ್ತದೆ ಎನ್ನುವುದು ಮೊದಲು ಗೊತ್ತಾಗಬೇಕು. ಆಮೇಲಿನ ಪ್ರಶ್ನೆ, ಹಾಕಿದ ದೀಪ ನಮ್ಮ ಮಳೆ, ಉಪ್ಪುಗಾಳಿ, ಸಿಡಿಲಿನ ನಡುವೆ ಬಾಳುತ್ತದೆಯೇ ಎಂಬುದು. ಆರು ತಿಂಗಳಿಗೆ ಸುಟ್ಟುಹೋಗುವ ಎಲ್‌ಇಡಿಯಿಂದ ಕರೆಂಟು ಉಳಿದೀತು, ದುಡ್ಡು ಉಳಿಯದು.

ಬಿಲ್ಲಿನಲ್ಲಿ ಏನು ನೋಡಬೇಕು

ಮೆಸ್ಕಾಂ ಬಿಲ್ಲನ್ನು ಕೈಗೆತ್ತಿಕೊಳ್ಳಿ. ಟ್ಯಾರಿಫ್ ಎಂಬಲ್ಲಿ ಎಲ್‌ಟಿ-3 ಎಂದಿದ್ದರೆ ವಾಣಿಜ್ಯ ಸಂಪರ್ಕ, ಎಲ್‌ಟಿ-5 ಎಂದಿದ್ದರೆ ಕೈಗಾರಿಕೆ. ಮೊತ್ತದಲ್ಲಿ ಎರಡು ಪಾಲಿದೆ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ಇಷ್ಟು ಎಂದು ಬೀಳುವ ನಿಗದಿತ ಶುಲ್ಕ ಒಂದು. ಬಳಸಿದ ಯೂನಿಟ್ಟಿಗೆ ಬೀಳುವ ವಿದ್ಯುತ್ ಶುಲ್ಕ, ಇಂಧನ ಹೊಂದಾಣಿಕೆ ಶುಲ್ಕ ಮತ್ತು ತೆರಿಗೆ ಇನ್ನೊಂದು. ದೀಪ ಬದಲಿಸಿದರೆ ಇಳಿಯುವುದು ಎರಡನೆಯ ಪಾಲು ಮಾತ್ರ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಇಡೀ ಬಿಲ್ಲನ್ನು ಯೂನಿಟ್ಟಿನಿಂದ ಭಾಗಿಸಿ ‘ನಮಗೆ ಯೂನಿಟ್ಟಿಗೆ ಇಷ್ಟು ಬೀಳುತ್ತದೆ’ ಎಂದು ಲೆಕ್ಕ ಹಾಕುತ್ತಾರೆ. ಅದರಲ್ಲಿ ನಿಗದಿತ ಶುಲ್ಕವೂ ಸೇರಿಕೊಂಡಿರುವುದರಿಂದ ಉಳಿತಾಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಲ್‌ಇಡಿ ಮಾರುವವರ ಪಟ್ಟಿಯಲ್ಲೂ ಈ ಲೆಕ್ಕವೇ ಇರುತ್ತದೆ. ಯೂನಿಟ್ಟಿಗೆ ಬೀಳುವ ಶುಲ್ಕಗಳನ್ನು ಮಾತ್ರ ಕೂಡಿಸಿ, ಯೂನಿಟ್ಟಿನಿಂದ ಭಾಗಿಸಿ. ಈ ಲೇಖನದಲ್ಲಿ ಲೆಕ್ಕಕ್ಕೆಂದು 8 ರೂಪಾಯಿ ಹಿಡಿದಿದ್ದೇವೆ. ನಿಮ್ಮ ಬಿಲ್ಲಿನಲ್ಲಿ ಬಂದ ಅಂಕಿಯನ್ನು ಆ ಜಾಗಕ್ಕೆ ಹಾಕಿಕೊಳ್ಳಿ.

ಮನೆಯ ಮೀಟರಿನಿಂದಲೇ ಅಂಗಡಿಗೆ ಕರೆಂಟು ಎಳೆದುಕೊಂಡವರು ಈ ಲೆಕ್ಕಕ್ಕೆ ಕೂರುವ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು. ಗೃಹಜ್ಯೋತಿ ಇರುವುದು ಮನೆಗಳಿಗೆ. ಗೃಹಬಳಕೆಯ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ನಿನಡಿ ಅನಧಿಕೃತ ಬಳಕೆ, ಸಿಕ್ಕಿಬಿದ್ದರೆ ಆಗುವುದು ಎರಡು ಪಟ್ಟು ದರದ ಬಿಲ್ಲು.

ಮೀಟರಿನ ಮಿಣುಕು ಎಣಿಸಿ

ದೀಪಗಳು ಎಷ್ಟು ಎಳೆಯುತ್ತವೆ ಎಂದು ತಿಳಿಯಲು ಯಾವ ಉಪಕರಣವೂ ಬೇಡ, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ. 3200 ಎಂದಿದ್ದರೆ 3200 ಸಲ ಮಿಣುಕಿದಾಗ ಒಂದು ಯೂನಿಟ್ಟು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಎಸಿ, ಫ್ಯಾನು, ಫ್ರಿಜ್ಜು, ಕಂಪ್ಯೂಟರು ಎಲ್ಲ ಆರಿಸಿ ದೀಪಗಳನ್ನು ಮಾತ್ರ ಉರಿಸಿ. ಇನ್ವರ್ಟರು ಬ್ಯಾಟರಿ ಚಾರ್ಜು ಮಾಡುತ್ತಿದ್ದರೆ ಅದನ್ನೂ ಆರಿಸಿ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಒಂದು ಮಿಣುಕಿಗೆ ಸ್ಟಾಪ್‌ವಾಚ್ ಒತ್ತಿ ಅದನ್ನು ಸೊನ್ನೆ ಎಂದು ಎಣಿಸಿ, ಹತ್ತನೆಯದಕ್ಕೆ ನಿಲ್ಲಿಸಿ. 3200ರ ಮೀಟರಾದರೆ 11,250ನ್ನು ಬಂದ ಸೆಕೆಂಡುಗಳಿಂದ ಭಾಗಿಸಿ, ಉತ್ತರವೇ ವ್ಯಾಟು. ಹತ್ತು ಮಿಣುಕಿಗೆ 9 ಸೆಕೆಂಡು ಹಿಡಿದರೆ 1250 ವ್ಯಾಟ್. ಮೀಟರಿನಲ್ಲಿ ಬೇರೆ ಅಂಕಿ ಇದ್ದರೆ 3,60,00,000ವನ್ನು ಮೊದಲು ಆ ಅಂಕಿಯಿಂದ, ಆಮೇಲೆ ಸೆಕೆಂಡಿನಿಂದ ಭಾಗಿಸಬೇಕು. ಸಿಟಿ (ಮೀಟರಿಗಾಗಿ ಕರೆಂಟನ್ನು ಇಳಿಸಿಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿದ ದೊಡ್ಡ ಸಂಪರ್ಕಗಳಲ್ಲಿ ಬಿಲ್ಲಿನಲ್ಲಿ ಬರೆದಿರುವ ಗುಣಕವನ್ನೂ ಸೇರಿಸಿ ಗುಣಿಸಬೇಕು.

ಎಲ್ಲ ಆರಿಸಿದ ಮೇಲೂ ಮಿಣುಕು ನಿಲ್ಲದಿದ್ದರೆ ಎಲ್ಲೋ ಏನೋ ಉರಿಯುತ್ತಿದೆ ಎಂದರ್ಥ. ಮಹಡಿಯ ಮೇಲಿನ ಬೋರ್ಡು, ಹಿಂಬದಿಯ ಶೌಚಾಲಯ, ಪಕ್ಕದ ಅಂಗಡಿಯವರಿಗೆ ಹಿಂದೆಂದೋ ಕೊಟ್ಟು ಮರೆತ ವಯರು, ಹೀಗೆ ಏನೂ ಇರಬಹುದು.

ಗಂಟೆಯ ಪಟ್ಟಿ

ಒಂದು ಹಾಳೆಯಲ್ಲಿ ಪ್ರತಿ ದೀಪದ ಜಾಗ, ಬಗೆ, ನಿಜವಾದ ವ್ಯಾಟ್, ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ ಎಂದು ಬರೆಯಿರಿ. ನಿಜವಾದ ವ್ಯಾಟ್ ಎನ್ನುವುದಕ್ಕೆ ಕಾರಣವಿದೆ. 40 ವ್ಯಾಟಿನ ಹಳೆಯ ದಪ್ಪ ಟ್ಯೂಬು ತಾಮ್ರದ ಚೋಕಿನ ಜತೆ ಸುಮಾರು 52 ವ್ಯಾಟ್ ಎಳೆಯುತ್ತದೆ. 36ರದ್ದು ಚೋಕು ಸೇರಿ 46ರಿಂದ 48. 250 ವ್ಯಾಟಿನ ಸೋಡಿಯಂ ದೀಪ 280ರ ಹತ್ತಿರ. ಚೋಕು ಮುಟ್ಟಿದರೆ ಬಿಸಿ, ಆ ಬಿಸಿಯೂ ನಿಮ್ಮ ಬಿಲ್ಲಿನಲ್ಲೇ ಇದೆ.

ಒಂದು ಬಟ್ಟೆ ಅಂಗಡಿ ಎಂದಿಟ್ಟುಕೊಳ್ಳಿ. ಒಳಗೆ ಹಳೆಯ ಟ್ಯೂಬ್‌ಲೈಟು 24, ದಿನಕ್ಕೆ 12 ಗಂಟೆ, ತಿಂಗಳಿಗೆ 26 ದಿನ. 24ನ್ನು 52ರಿಂದ ಗುಣಿಸಿದರೆ 1248 ವ್ಯಾಟ್, ತಿಂಗಳಿಗೆ 389 ಯೂನಿಟ್. ಅದೇ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ ಬ್ಯಾಟನ್ (ಚೌಕಟ್ಟಿನ ಸಮೇತ ಬರುವ ಉದ್ದ ದೀಪ) ಹಾಕಿದರೆ 480 ವ್ಯಾಟ್, 150 ಯೂನಿಟ್. ಉಳಿದದ್ದು ಸುಮಾರು 240 ಯೂನಿಟ್, ಅಂದರೆ 1,920 ರೂಪಾಯಿ. ಬ್ಯಾಟನ್‌ಗೆ 300, ಕೂಲಿ 60 ಎಂದು ಹಿಡಿದರೆ ಒಟ್ಟು ಖರ್ಚು 8,640. ನಾಲ್ಕೂವರೆ ತಿಂಗಳಲ್ಲಿ ಹಾಕಿದ ದುಡ್ಡು ವಾಪಸು.

ಅದೇ ಅಂಗಡಿಯ ಗಾಜಿನ ಶೋಕೇಸಿನಲ್ಲಿ 70 ವ್ಯಾಟಿನ ಮೆಟಲ್ ಹ್ಯಾಲೈಡ್ ಸ್ಪಾಟ್‌ಲೈಟು ಎಂಟು ಇವೆ. ಚೋಕು ಸೇರಿ ಒಂದಕ್ಕೆ 85 ವ್ಯಾಟ್, ಸಂಜೆ ಐದು ಗಂಟೆ ಮಾತ್ರ ಉರಿಯುತ್ತವೆ. 30 ವ್ಯಾಟಿನ ಎಲ್‌ಇಡಿ ಹಾಕಿದರೆ ತಿಂಗಳಿಗೆ ಉಳಿಯುವುದು 57 ಯೂನಿಟ್, ಸುಮಾರು 460 ರೂಪಾಯಿ. ಒಂದಕ್ಕೆ 1,200ರಂತೆ 9,600 ಹಾಕಿದರೆ ವಾಪಸು ಬರಲು 21 ತಿಂಗಳು. ನೋಡಲು ಭರ್ಜರಿ ದೀಪ, ಉಳಿತಾಯ ಮಾತ್ರ ಟ್ಯೂಬಿನ ಕಾಲು ಪಾಲು. ಗೋಡಾನಿನಲ್ಲಿ ದಿನಕ್ಕೆ ಒಂದು ಗಂಟೆ ಉರಿಯುವ 60 ವ್ಯಾಟಿನ ಹಳದಿ ಬಲ್ಬಿನಿಂದ ತಿಂಗಳಿಗೆ ಉಳಿಯುವುದು ಹತ್ತೇ ರೂಪಾಯಿ. ಅದು ಸುಟ್ಟಾಗ ಬದಲಿಸಿದರಾಯಿತು. ಬೈಕಂಪಾಡಿಯ ಒಂದು ಶೆಡ್ಡಿನ ಅಂಗಳದಲ್ಲಿ ರಾತ್ರಿಯಿಡೀ ಉರಿಯುವ ಒಂದೇ ಒಂದು ಸೋಡಿಯಂ ದೀಪವನ್ನು 100 ವ್ಯಾಟಿನ ಎಲ್‌ಇಡಿಗೆ ಬದಲಿಸಿದರೆ ತಿಂಗಳಿಗೆ 65 ಯೂನಿಟ್ ಉಳಿಯುತ್ತದೆ, ಆ ಎಂಟು ಸ್ಪಾಟ್‌ಲೈಟುಗಳಿಗಿಂತ ಹೆಚ್ಚು.

ಪಟ್ಟಿಯನ್ನು ಯೂನಿಟ್ಟಿನ ಪ್ರಕಾರ ಮೇಲಿಂದ ಕೆಳಗೆ ಜೋಡಿಸಿ, ಮೇಲಿನಿಂದ ಶುರುಮಾಡಿ.

ಎಸಿ ಇರುವ ಅಂಗಡಿಗೆ ಇನ್ನೊಂದು ಲಾಭವಿದೆ. ದೀಪ ಉರಿಸಿದ ಕರೆಂಟೆಲ್ಲ ಕೊನೆಗೆ ಕೋಣೆಯೊಳಗೆ ಬಿಸಿಯಾಗುತ್ತದೆ, ಎಸಿ ಅದನ್ನು ಹೊರಗೆ ಸಾಗಿಸಬೇಕು. ದೀಪದಲ್ಲಿ 3 ವ್ಯಾಟ್ ಇಳಿದರೆ ಎಸಿಯಲ್ಲಿ ಅಂದಾಜು 1 ವ್ಯಾಟ್ ಇಳಿಯುತ್ತದೆ. ಮೇಲಿನ ಲೆಕ್ಕಕ್ಕೆ ಇದನ್ನು ಸೇರಿಸಿಲ್ಲ.

ಜಿಎಸ್‌ಟಿ ಮರೆಯಬೇಡಿ. ಎಲ್‌ಇಡಿ ದೀಪಗಳಿಗೆ 2022ರ ಜುಲೈಯಿಂದ 18 ಶೇಕಡಾ. ಸಾಮಾನ್ಯ ನೋಂದಣಿಯ ವ್ಯಾಪಾರಿಗೆ ಅದು ಇನ್‌ಪುಟ್ ಕ್ರೆಡಿಟ್ಟಾಗಿ, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು ಸಿಗುತ್ತದೆ. 5 ಶೇಕಡಾ ಕಟ್ಟುವ ಹೋಟೆಲಿನವರಿಗೂ ಸಣ್ಣ ವ್ಯಾಪಾರಿಗಳ ಕಂಪೋಸಿಷನ್ ಯೋಜನೆಯಲ್ಲಿರುವವರಿಗೂ ಸಿಗದು. ಅವರು ತೆರಿಗೆ ಸೇರಿಸಿಯೇ ಖರ್ಚು ಹಿಡಿಯಬೇಕು.

ದುಡ್ಡಿಲ್ಲದೆ ಆಗುವ ಕೆಲಸ

ದೀಪ ಕೊಳ್ಳಲು ಹೋಗುವ ಮೊದಲು ಏಣಿ ಹಾಕಿ ಇರುವ ದೀಪಗಳನ್ನು ಒರೆಸಿ. ಹೋಟೆಲ್ ಅಡುಗೆಮನೆಯ ದೀಪದ ಮೇಲೆ ಎಣ್ಣೆಯ ಪದರ, ರಸ್ತೆಬದಿಯ ಅಂಗಡಿಯಲ್ಲಿ ಧೂಳಿನ ಪದರ ಕೂತಿರುತ್ತದೆ. ಮಳೆಗಾಲ ಮುಗಿದ ಮೇಲೆ ಗೋಡೆಯ ಹಸಿರುಗಪ್ಪು ಕಲೆ ತೊಳೆದು ಚಾವಣಿಗೆ ಬಿಳಿ ಬಳಿದರೆ ಇರುವ ದೀಪವೇ ಹೆಚ್ಚು ಬೆಳಗುತ್ತದೆ. ಹಂಚಿನ ಮಾಡಿದ್ದರೆ ನಮ್ಮ ಊರಿನ ಹಳೆಯ ಉಪಾಯ ಇದ್ದೇ ಇದೆ, ಗಾಜಿನ ಹಂಚು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಹುಟ್ಟಿದ ಊರು ಇದು. ಕಪಾಟು, ಬಟ್ಟೆ, ಕಾಗದದ ಮೇಲೆ ನೇರ ಬಿಸಿಲು ಬೀಳದಂತೆ ನೋಡಿಕೊಂಡು ನಾಲ್ಕಾರು ಹಂಚು ಬದಲಿಸಿದರೆ ಹಗಲಿಗೆ ದೀಪವೇ ಬೇಡ. ಶೆಡ್ಡುಗಳಲ್ಲಿ ಹಾಕಿದ ಪಾರದರ್ಶಕ ಶೀಟು ಎರಡು ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ಅಕ್ಟೋಬರಿನಲ್ಲಿ ತೊಳೆಸಬೇಕು.

ಇನ್ನೊಂದು ದೋಷ ಹಳೆಯ ವಯರಿಂಗಿನದು, ಒಂದು ಸ್ವಿಚ್ಚಿಗೆ ಹನ್ನೆರಡು ಟ್ಯೂಬು. ಬಾಗಿಲ ಬಳಿ ಬೆಳಕು ಸುರಿಯುತ್ತಿದ್ದರೂ ಒಳಗಿನ ಕತ್ತಲೆಗಾಗಿ ಎಲ್ಲ ಉರಿಯಬೇಕು. ಬಾಗಿಲಿಗೆ ಸಮಾನಾಂತರವಾಗಿ ಸಾಲು ಸಾಲಾಗಿ ಸ್ವಿಚ್ಚು ಬೇರ್ಪಡಿಸಿ. ಫೆಬ್ರವರಿಯಲ್ಲಿ ಮುಂದಿನ ಸಾಲು ಆರಿರುತ್ತದೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮೋಡದಲ್ಲಿ ಉರಿಯುತ್ತದೆ. ಹೇಗೂ ಹೊಸ ದೀಪ ಕೂರಿಸುವಾಗ ಈ ಕೆಲಸ ಸೇರಿಸಿಕೊಂಡರೆ ಕೂಲಿ ಹೆಚ್ಚೇನೂ ಆಗದು.

ಯಾವುದನ್ನು ಕೊಳ್ಳಬೇಕು

ವ್ಯಾಟ್ ನೋಡಿ ಕೊಳ್ಳುವ ಅಭ್ಯಾಸ ಬಿಡಬೇಕು. ವ್ಯಾಟ್ ಎಂದರೆ ತಿನ್ನುವುದು, ಲೂಮೆನ್ ಎಂದರೆ ಕೊಡುವುದು. ಒಂದು ವ್ಯಾಟಿಗೆ 100 ಲೂಮೆನ್‌ಗಿಂತ ಕಡಿಮೆಯಿದ್ದರೆ ಕೆಳಗಿಟ್ಟುಬಿಡಿ. ನಾಲ್ಕಡಿಯ 20 ವ್ಯಾಟ್ ಬ್ಯಾಟನ್ 2000 ಲೂಮೆನ್ ಕೊಟ್ಟರೆ ಹಳೆಯ ಟ್ಯೂಬಿನ ಜಾಗಕ್ಕೆ ಸಾಕು, ಏಕೆಂದರೆ ಟ್ಯೂಬಿನ ಬೆಳಕಿನಲ್ಲಿ ಅರ್ಧ ಚಾವಣಿಯ ಕಡೆಗೆ ಹೋಗುತ್ತಿತ್ತು, ಎಲ್‌ಇಡಿಯದ್ದು ಕೆಳಗೇ ಬೀಳುತ್ತದೆ.

ಡಬ್ಬದ ಮೇಲೆ ಬಿಐಎಸ್ ಗುರುತು ಮತ್ತು ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಯದ್ದು ಎಂದು ಬರುತ್ತದೆ, ಡಬ್ಬದ ಹೆಸರಿಗೆ ತಾಳೆಯಾಗದಿದ್ದರೆ ಬೇಡ. ವೋಲ್ಟೇಜಿನ ವ್ಯಾಪ್ತಿ ನೋಡಿ: ಹಳ್ಳಿಗಾಡಿನ ಲೈನಿನ ತುದಿಯಲ್ಲಿರುವವರಿಗೆ 140ರಿಂದ 300 ತಡೆಯುವುದು ಬೇಕು. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.9ರ ಮೇಲಿರಲಿ. ಅಗ್ಗದ್ದರಲ್ಲಿ ಅದು 0.5ಕ್ಕೂ ಇಳಿಯುತ್ತದೆ. ಒಂದೆರಡು ಬಲ್ಬಿಗೆ ಇದು ಏನೂ ಅಲ್ಲ, ನೂರಾರು ದೀಪ ಇರುವ ಕಡೆ ವಯರು, ಜನರೇಟರು, ಇನ್ವರ್ಟರಿನ ಮೇಲೆ ಸುಮ್ಮನೆ ಭಾರ. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಾಖಲಾಗುವ ಸಂಪರ್ಕವಾದರೆ ದಂಡಕ್ಕೂ ದಾರಿ.

ಮಿನುಗುವಿಕೆ ಪರೀಕ್ಷಿಸಲು ಅಂಗಡಿಯಲ್ಲೇ ದೀಪ ಹಚ್ಚಿಸಿ ಮೊಬೈಲಿನ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಢಾಳಾಗಿ ಹೊತ್ತಿ ಆರಿದಂತೆ ಕಂಡರೆ ಡ್ರೈವರಿನಲ್ಲಿ, ಅಂದರೆ ಎಲ್‌ಇಡಿಗೆ ಬೇಕಾದಂತೆ ಕರೆಂಟನ್ನು ಮಾರ್ಪಡಿಸುವ ಒಳಗಿನ ಸರ್ಕ್ಯೂಟಿನಲ್ಲಿ, ಕೆಪ್ಯಾಸಿಟರಿಗೆ ಜಿಪುಣತನ ಮಾಡಿದ್ದಾರೆ. ಕಣ್ಣಿಗೆ ಕಾಣದಿದ್ದರೂ ಸೆಕೆಂಡಿಗೆ 100 ಸಲ ಮಿನುಗುವ ಆ ದೀಪದಡಿ ದಿನವಿಡೀ ಲೆಕ್ಕ ಬರೆಯುವವರಿಗೆ ತಲೆನೋವು ಬರಬಹುದು. ಲೇತ್ ಇರುವ ವರ್ಕ್‌ಶಾಪಿನಲ್ಲಿ ಅಪಾಯವೇ ಉಂಟು: ತಿರುಗುತ್ತಿರುವ ಚಕ್ಕು ನಿಂತಂತೆ ಕಾಣಬಹುದು.

ಬಣ್ಣದ ವಿಷಯದಲ್ಲಿ ವ್ಯಾಪಾರ ನೋಡಿ ತೀರ್ಮಾನಿಸಿ. ಸೀರೆಯನ್ನು ಗಿರಾಕಿ ಬಾಗಿಲಿಗೆ ಒಯ್ದು ಬಿಸಿಲಲ್ಲಿ ಹಿಡಿದು ನೋಡುತ್ತಾರೆ ಎಂದರೆ ಒಳಗಿನ ಬೆಳಕು ಬಣ್ಣವನ್ನು ಸರಿಯಾಗಿ ತೋರಿಸುತ್ತಿಲ್ಲ. ಬಟ್ಟೆ, ಚಿನ್ನ, ಮೀನು, ಹಣ್ಣಿನ ಅಂಗಡಿಗಳಿಗೆ ಸಿಆರ್‌ಐ (ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕಿ) 90 ಇರುವ ದೀಪ ಬೇಕು, ಉಳಿದ ಕಡೆ 80 ಸಾಕು. ಚಿನ್ನಕ್ಕೆ 3000 ಕೆಲ್ವಿನ್‌ನ ಹೊಂಬೆಳಕು, ಬೆಳ್ಳಿ-ವಜ್ರಕ್ಕೆ 5000ದ ಮೇಲಿನ ಬಿಳಿ, ಬಟ್ಟೆಗೂ ಕಚೇರಿಗೂ 4000. ಎಲ್ಲ ಕಡೆ 6500ದ ನೀಲಿ ಬಿಳಿ ಹಾಕುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಊಟದ ಹೋಟೆಲಿನಲ್ಲಿ ಆ ಬೆಳಕಿನಡಿ ಸಾಂಬಾರು ಬೂದಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ, ಆದರೂ ಹಾಕುತ್ತಾರೆ. ಹೋಟೆಲಿನ ಹೊರಗಡೆ ಹೊಂಬೆಳಕು ಹಾಕುವುದಕ್ಕೆ ಬೇರೆಯೇ ಕಾರಣವಿದೆ. ಮೊದಲ ಮಳೆಗೆ ಏಳುವ ಮಳೆಹುಳುಗಳು ನೀಲಿ ಬಿಳಿಗೆ ಮುತ್ತುವಷ್ಟು ಅದಕ್ಕೆ ಮುತ್ತುವುದಿಲ್ಲ.

ಎಷ್ಟು ಬೆಳಕು ಬೇಕು ಎನ್ನುವುದನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಕಚೇರಿಯ ಮೇಜಿಗೆ 300ರಿಂದ 500, ಓಣಿ, ಮೆಟ್ಟಿಲಿಗೆ 100, ಗೋಡಾನಿಗೆ 100ರಿಂದ 150, ಅಡುಗೆಮನೆಗೆ 300ರಿಂದ 500, ಗೇರುಬೀಜ ವಿಂಗಡಿಸುವ ಮೇಜಿಗೆ 500ಕ್ಕಿಂತ ಮೇಲೆ. ಮೊಬೈಲ್ ಆ್ಯಪು ನಿಖರವಲ್ಲ, ಆದರೆ ಬದಲಿಸುವ ಮೊದಲು ಮತ್ತು ನಂತರ ಅದೇ ಫೋನನ್ನು ಅದೇ ಮೇಜಿನ ಮೇಲಿಟ್ಟು ಹೋಲಿಸಲು ಸಾಕು.

ಒಮ್ಮೆಲೇ ಇಡೀ ಅಂಗಡಿಗೆ ತರಬೇಡಿ. ಒಂದು ಸಾಲಿಗೆ ಹಾಕಿ ಹದಿನೈದು ದಿನ ಬಿಡಿ. ಕೆಲಸದವರು, ಗಿರಾಕಿಗಳು ಏನನ್ನುತ್ತಾರೆ ಕೇಳಿ, ಆಮೇಲೆ ಉಳಿದದ್ದು. ಆಗ ಎರಡು ಮೂರು ಹೆಚ್ಚು ತಂದಿಡಿ, ಎರಡು ವರ್ಷದ ನಂತರ ಅದೇ ಬಣ್ಣದ್ದು ಸಿಗುವುದಿಲ್ಲ.

ಹಳೆಯ ಪಟ್ಟಿಗೆ ಎಲ್‌ಇಡಿ ಟ್ಯೂಬು ಕೂರಿಸುವಾಗ

ಟ್ಯೂಬು ಕೂರುವ ತಗಡಿನ ಪಟ್ಟಿ ತುಕ್ಕು ಹಿಡಿದಿದ್ದರೆ, ಹೋಲ್ಡರಿನ ಹಿತ್ತಾಳೆಗೆ ಕಿಲುಬು ಬಂದಿದ್ದರೆ ಟ್ಯೂಬು ಬದಲಿಸುವುದು ದಂಡ, ಪೂರ್ತಿ ಬ್ಯಾಟನ್ ಹಾಕಿ. ಪಟ್ಟಿ ಗಟ್ಟಿಯಾಗಿದ್ದರೆ ಹೀಗೆ ಮಾಡಿಸಿ. ಕೆಲಸ ಲೈಸೆನ್ಸ್ ಇರುವ ವಯರಿಂಗಿನವರದ್ದೇ ಆಗಬೇಕು.

1. ಸ್ವಿಚ್ಚು ಆರಿಸಿದರೆ ಸಾಲದು, ಎಂಸಿಬಿ (ಬೋರ್ಡಿನಲ್ಲಿ ಇಡೀ ಸರ್ಕ್ಯೂಟಿನ ಕರೆಂಟು ಕಡಿಯುವ ಸ್ವಿಚ್ಚು) ಇಳಿಸಬೇಕು. ಹಳೆಯ ವಯರಿಂಗಿನಲ್ಲಿ ಸ್ವಿಚ್ಚು ನ್ಯೂಟ್ರಲಿಗೆ ಬಿದ್ದಿದ್ದರೆ ದೀಪ ಆರಿದ್ದರೂ ಪಟ್ಟಿಯಲ್ಲಿ ಫೇಸ್ ಇರುತ್ತದೆ.

2. ಚೋಕು, ಸ್ಟಾರ್ಟರು ಎರಡನ್ನೂ ತೆಗೆಯಿರಿ. ಕೆಲವು ಪಟ್ಟಿಗಳ ಒಳಗೆ ಡಬ್ಬಿಯಂಥ ಕೆಪ್ಯಾಸಿಟರ್ ಇರುತ್ತದೆ, ಅದನ್ನೂ ತೆಗೆಯಬೇಕು. ಚೋಕು ಬಿಟ್ಟರೂ ಕೆಲವು ಟ್ಯೂಬು ಉರಿಯುತ್ತದೆ, ಆದರೆ ಚೋಕು ತನ್ನ ಪಾಲು ತಿನ್ನುತ್ತಲೇ ಇರುತ್ತದೆ.

3. ಟ್ಯೂಬಿನ ಮೇಲೆ ಅಂಟಿಸಿರುವ ಚಿತ್ರ ನೋಡಿ. ಕೆಲವಕ್ಕೆ ಒಂದೇ ತುದಿಯ ಎರಡು ಪಿನ್ನಿಗೆ ಫೇಸ್, ನ್ಯೂಟ್ರಲ್ ಕೊಡಬೇಕು. ಕೆಲವಕ್ಕೆ ಒಂದು ತುದಿಗೆ ಫೇಸ್, ಇನ್ನೊಂದು ತುದಿಗೆ ನ್ಯೂಟ್ರಲ್. ಎರಡನೆಯ ಬಗೆಯಲ್ಲಿ ಒಂದು ತುದಿ ಕೂರಿಸುವಾಗ ಇನ್ನೊಂದು ತುದಿಯ ಪಿನ್ನು ಶಾಕ್ ಹೊಡೆಯಬಹುದು.

4. ಸ್ವಿಚ್ಚು ಫೇಸಿಗೆ ಬರುವಂತೆ ಸರಿಪಡಿಸಿ, ಪಟ್ಟಿಯ ತಗಡಿಗೆ ಅರ್ತ್ ಕೊಡಿ.

5. ಪಟ್ಟಿಯ ಮೇಲೆ ‘ಎಲ್‌ಇಡಿ ಮಾತ್ರ’ ಎಂದು ಚೀಟಿ ಅಂಟಿಸಿ, ದಿನಾಂಕ ಬರೆಯಿರಿ. ಮುಂದೆಂದೋ ಗೊತ್ತಿಲ್ಲದವರು ಅದಕ್ಕೆ ಹಳೆಯ ಟ್ಯೂಬು ಸಿಕ್ಕಿಸಿದರೆ ಅದರ ತಂತಿಗೆ ನೇರ 230 ವೋಲ್ಟ್ ಬಿದ್ದು ಸಿಡಿಯಬಹುದು. ದಿನಾಂಕ ವಾರಂಟಿಗೂ ಬೇಕಾಗುತ್ತದೆ.

ಆರಿಸಿದ ಮೇಲೂ ಎಲ್‌ಇಡಿ ಮಂದವಾಗಿ ಉರಿಯುತ್ತಿದ್ದರೆ ದೆವ್ವವೇನಲ್ಲ. ಸ್ವಿಚ್ಚು ನ್ಯೂಟ್ರಲಿನಲ್ಲಿರಬೇಕು, ಇಲ್ಲವೇ ಸ್ವಿಚ್ಚಿನಲ್ಲಿ ಸಣ್ಣ ಇಂಡಿಕೇಟರ್ ಇರಬೇಕು. ಮೆಟ್ಟಿಲಿನ ಎರಡು ಕಡೆ ಸ್ವಿಚ್ಚಿನ ಉದ್ದ ವಯರಿನಲ್ಲೂ ಹೀಗಾಗುತ್ತದೆ.

ಮೂವತ್ತು ನಲವತ್ತು ದೀಪ ಒಂದೇ ಎಂಸಿಬಿಯಲ್ಲಿದ್ದು, ಹಾಕಿದ ಕ್ಷಣಕ್ಕೆ ಅದು ಬೀಳುತ್ತಿದ್ದರೆ ದೋಷ ದೀಪದ್ದಲ್ಲ. ಎಲ್‌ಇಡಿ ಡ್ರೈವರುಗಳು ಶುರುವಿನ ಒಂದು ಕ್ಷಣಕ್ಕೆ ಭಾರೀ ಕರೆಂಟು ಎಳೆಯುತ್ತವೆ. ದೀಪಗಳನ್ನು ಎರಡು ಸರ್ಕ್ಯೂಟಿಗೆ ಹಂಚಿ, ಬಿ ಬದಲು ಸಿ ಮಾದರಿಯ ಎಂಸಿಬಿ ಹಾಕಿಸಿ.

ಇಲ್ಲಿ ಎಲ್‌ಇಡಿ ಸಾಯುವುದು ಹೇಗೆ

ಎಲ್‌ಇಡಿಯ ಚಿಪ್ಪು ಸಾಮಾನ್ಯವಾಗಿ ಕೆಡುವುದಿಲ್ಲ, ಹೋಗುವುದು ಡ್ರೈವರು. ಡ್ರೈವರಿನ ಕೆಪ್ಯಾಸಿಟರಿಗೆ ಬಿಸಿ 10 ಡಿಗ್ರಿ ಹೆಚ್ಚಿದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಗಾಜಿನ ಮುಚ್ಚಿದ ಗೋಳದೊಳಗೆ ಹಾಕಿದ ಬಲ್ಬು ಬೇಗ ಹೋಗುತ್ತದೆ. ದೋಸೆಕಾವಲಿಯ ನೇರ ಮೇಲೆ, ಚಿಮಣಿಯ ಪಕ್ಕದಲ್ಲಿ ದೀಪ ಬೇಡ, ಓರೆಯಾಗಿ ಒಂದೂವರೆ ಮೀಟರಾದರೂ ಸರಿಸಿ. ಅಡುಗೆಮನೆಗೆ ಹಬೆ, ನೀರು ತಡೆಯುವ ಐಪಿ65 ಪಟ್ಟಿಯೇ ಬೇಕು. ಆಹಾರದ ಮೇಲೆ ಒಡೆದ ಗಾಜು ಬೀಳದಂತೆ ದೀಪಕ್ಕೆ ರಕ್ಷಣೆ ಇರಬೇಕೆಂದು ಎಫ್‌ಎಸ್‌ಎಸ್‌ಎಐ ನಿಯಮವೂ ಹೇಳುತ್ತದೆ, ಗೇರುಬೀಜದ ಕಾರ್ಖಾನೆಗೂ ಮೀನು ಸಂಸ್ಕರಣೆಗೂ ಅದು ಅನ್ವಯ. ಪಾಲಿಕಾರ್ಬೊನೇಟ್ ಮುಚ್ಚಳದ ಪಟ್ಟಿ ಎರಡನ್ನೂ ಪೂರೈಸುತ್ತದೆ. ಹದಿನೈದು ದಿನಕ್ಕೊಮ್ಮೆ ಸೋಪಿನ ನೀರಿನಲ್ಲಿ ಒರೆಸಿ.

ಎರಡನೆಯ ಶತ್ರು ನ್ಯೂಟ್ರಲ್. ತ್ರೀ ಫೇಸ್ ಸಂಪರ್ಕದಲ್ಲಿ ನ್ಯೂಟ್ರಲಿನ ಜೋಡಣೆ ಕಿಲುಬು ಹಿಡಿದು ಸಡಿಲವಾದರೆ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದರದ್ದು ಧಗ್ಗನೆ ಉರಿಯುತ್ತದೆ. 230 ಇರಬೇಕಾದಲ್ಲಿ 400 ವೋಲ್ಟಿನವರೆಗೂ ಏರಬಹುದು. ಒಂದೇ ದಿನ ಐದಾರು ಎಲ್‌ಇಡಿ ಸುಟ್ಟರೆ ಕಂಪನಿಗೆ ಬಯ್ಯುವ ಮೊದಲು ಮೀಟರ್ ಬೋರ್ಡಿನ ನ್ಯೂಟ್ರಲ್ ಬಿಗಿ ಮಾಡಿಸಿ. ದೋಷ ಕಂಬದ ಕಡೆಗಿದ್ದರೆ 1912ಕ್ಕೆ ಕರೆಮಾಡಿ ದೂರು ದಾಖಲಿಸಿ.

ಮೂರನೆಯದು ಸಿಡಿಲು. ಏಪ್ರಿಲ್, ಮೇ ಸಂಜೆಗಳಲ್ಲಿ ಮತ್ತು ಅಕ್ಟೋಬರಿನಲ್ಲಿ ಲೈನಿನ ಮೂಲಕ ಬರುವ ಏರುವೋಲ್ಟೇಜು ಸಾಲುಸಾಲು ಡ್ರೈವರುಗಳನ್ನು ಸುಡುತ್ತದೆ. ಎಂಸಿಬಿಗಳಿರುವ ಡಿಬಿ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೆ ತಡೆಯುತ್ತದೆ, ಆದರೆ ಅದಕ್ಕೆ ಒಳ್ಳೆಯ ಅರ್ತ್ ಬೇಕು. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಅರ್ತ್ ಕೆಲಸಕ್ಕೆ ಬಾರದಂತಾಗುವುದು ಸಿಡಿಲಿನ ತಿಂಗಳುಗಳಲ್ಲೇ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಅರ್ತ್ ಗುಂಡಿಗೆ ಎರಡು ಕೊಡ ನೀರು ಹೊಯ್ಯಿರಿ.

ನಾಲ್ಕನೆಯದು ಉಪ್ಪು ಮತ್ತು ನೀರು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಹೊರಗಿನ ದೀಪ ಐಪಿ65 ಎಂದು ಬರೆದಿದ್ದರಷ್ಟೇ ಸಾಲದು. ನೀರು ಒಳಹೋಗುವುದು ದೀಪದ ಮೈಯಿಂದಲ್ಲ, ವಯರಿನ ಜತೆಗೆ. ವಯರು ದೀಪಕ್ಕೆ ಕೆಳಗಿನಿಂದ ಸೇರಬೇಕು. ಸೇರುವ ಮೊದಲು ಒಂದು ಕುಣಿಕೆಯಂತೆ ಇಳಿಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ವಯರು ಒಳಹೋಗುವ ತೂತಿನ ಗ್ಲ್ಯಾಂಡ್ ಬಿಗಿಯಾಗಿರಲಿ, ಜೋಡಣೆ ಡಬ್ಬಿಯೊಳಗಿರಲಿ, ಟೇಪು ಸುತ್ತಿದ ಜೋಡಣೆ ಒಂದು ಮಳೆಗಾಲವೂ ತಡೆಯದು. ಮಲ್ಪೆ, ಪಣಂಬೂರು, ತಣ್ಣೀರುಬಾವಿಯಂಥ ಕಡೆ 316 ದರ್ಜೆಯ ಸ್ಟೀಲ್ ತಿರುಪು, ಬಿಸಿ ಗ್ಯಾಲ್ವನೈಸ್ ಮಾಡಿದ ಕ್ಲಾಂಪು ಹಾಕಿಸಿ. ಹೋಲ್ಡರು, ಟರ್ಮಿನಲ್‌ಗಳಿಗೆ ಸಿಲಿಕೋನ್ ಗ್ರೀಸ್ ಸವರಿಸಿ. ತಾಮ್ರಕ್ಕೆ ಅಲ್ಯೂಮಿನಿಯಂ ವಯರನ್ನು ನೇರ ತಿರುಚಿದರೆ ಉಪ್ಪುಗಾಳಿಯಲ್ಲಿ ಆ ಗಂಟು ಪುಡಿಯಾಗುತ್ತದೆ. ಹಲ್ಲಿ ನುಗ್ಗಿ ಶಾರ್ಟ್ ಮಾಡುವುದೂ ಇದೆ, ಡ್ರೈವರ್ ಡಬ್ಬಿಯ ತೂತುಗಳನ್ನು ಮುಚ್ಚಿಸಿ. ಹೊರಗಿನ ಕೆಲಸವನ್ನೆಲ್ಲ ಪತ್ತನಾಜೆಯೊಳಗೆ (ಮೇ ಕೊನೆಯ ವಾರದೊಳಗೆ) ಮುಗಿಸಿಬಿಡಬೇಕು.

ಹೆಸರಿನ ಬೋರ್ಡು, ಟೈಮರು, ಸೆನ್ಸರು

ಟ್ಯೂಬು ತುಂಬಿದ ಹಳೆಯ ಗ್ಲೋ ಸೈನ್ ಬೋರ್ಡಿಗೆ 12 ವೋಲ್ಟಿನ ಎಲ್‌ಇಡಿ ಮಾಡ್ಯೂಲು ಹಾಕಿಸಬಹುದು. ಅದಕ್ಕೆ 12 ವೋಲ್ಟ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯ ಸಾಮರ್ಥ್ಯದ 80 ಶೇಕಡಾಕ್ಕಿಂತ ಹೆಚ್ಚು ಹೊರಿಸಬೇಡಿ, ಅದನ್ನು ಬೋರ್ಡಿನೊಳಗಲ್ಲ, ಅಂಗಡಿಯೊಳಗೆ ಇಡಿ. ಉದ್ದದ ಬೋರ್ಡಿನಲ್ಲಿ ಒಂದೇ ತುದಿಯಿಂದ ಕರೆಂಟು ಕೊಟ್ಟರೆ ಇನ್ನೊಂದು ತುದಿಯ ಅಕ್ಷರ ಮಂಕಾಗುತ್ತದೆ, ಎರಡೂ ತುದಿಯಿಂದ ಕೊಡಿಸಿ.

ಸಂಜೆ 6ಕ್ಕೆ ಹೊತ್ತುವ ಸಾದಾ ಟೈಮರು ಇಲ್ಲಿ ಸರಿಹೋಗದು. ನವೆಂಬರಿನಲ್ಲಿ ಸೂರ್ಯ 6ರ ಆಸುಪಾಸು ಮುಳುಗಿದರೆ ಜುಲೈಯಲ್ಲಿ 7 ದಾಟುತ್ತದೆ. ಊರಿನ ಅಕ್ಷಾಂಶ ಹಾಕುವ ಆಸ್ಟ್ರೊ ಟೈಮರ್ ಅಥವಾ ಬೆಳಕಿನ ಸೆನ್ಸರ್ ಬೇಕು. ಮಧ್ಯಾಹ್ನವೇ ಕತ್ತಲಾಗುವ ಮಳೆದಿನಗಳಿಗೆ ಸೆನ್ಸರೇ ಮೇಲು. ಅದು ತನ್ನದೇ ದೀಪವನ್ನು ನೋಡುವಂತೆ ಕೂರಿಸಿದರೆ ರಾತ್ರಿಯಿಡೀ ಹೊತ್ತಿ ಆರಿ ಮಾಡುತ್ತದೆ. ಬಡಗು ದಿಕ್ಕಿಗೆ ಮುಖಮಾಡಿಸಿ, ಆಗಾಗ ಒರೆಸಿ.

ಶೌಚಾಲಯ, ಗೋಡಾನು, ಸಿಬ್ಬಂದಿ ಕೋಣೆಗೆ ಚಲನೆಯ ಸೆನ್ಸರು ಒಳ್ಳೆಯದು. ಪಿಐಆರ್ ಎಂಬ ಬಗೆ ಮೈಯ ಬಿಸಿಯನ್ನು ನೋಡುತ್ತದೆ. ಮೇ ತಿಂಗಳ ಶೀಟಿನ ಶೆಡ್ಡಿನಲ್ಲಿ ಗಾಳಿಯೇ ಮೈಯಷ್ಟು ಬಿಸಿಯಾದಾಗ ಅದಕ್ಕೆ ಮನುಷ್ಯ ಕಾಣುವುದು ಕಷ್ಟ. ಮೈಕ್ರೋವೇವ್ ಬಗೆಯದ್ದು ತೆಳ್ಳಗಿನ ಪ್ಲೈವುಡ್ಡಿನ ಆಚೆಗೂ ನೋಡುತ್ತದೆ, ಫ್ಯಾನು ತಿರುಗಿದರೂ ದೀಪ ಹಚ್ಚುತ್ತದೆ. ಆರುವ ಅವಧಿಯನ್ನು ಹತ್ತು ನಿಮಿಷಕ್ಕಿಡಿ. ಒಂದು ನಿಮಿಷಕ್ಕಿಟ್ಟರೆ ಶೌಚಾಲಯದೊಳಗಿಂದ ಬೊಬ್ಬೆ ಕೇಳಿಸೀತು.

ಮರ ಬಿದ್ದು ಕರೆಂಟು ಹೋಗುವ ಜೂನ್-ಜುಲೈಯಲ್ಲಿ ಎಲ್‌ಇಡಿಯ ಇನ್ನೊಂದು ಗುಣ ಗೊತ್ತಾಗುತ್ತದೆ. 1248 ವ್ಯಾಟ್ ಹೊರುತ್ತಿದ್ದ ಇನ್ವರ್ಟರಿಗೆ ಈಗ 480, ಅದೇ ಬ್ಯಾಟರಿ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಹೊತ್ತು ಬರುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಾದರೆ ಕೆಲವು ಎಲ್‌ಇಡಿ ಗುಂಯ್ಗುಟ್ಟುತ್ತದೆ, ಬೇಗ ಕೆಡಲೂಬಹುದು. ಸೈನ್ ವೇವ್ ಇರಲಿ.

ಹಾಕಿದ ಮೇಲೆ

ಮತ್ತೆ ಮಿಣುಕು ಎಣಿಸಿ. 480 ವ್ಯಾಟಿಗೆ ಹತ್ತು ಮಿಣುಕಿಗೆ 23 ಸೆಕೆಂಡು ಹಿಡಿಯಬೇಕು. 15ಕ್ಕೇ ಮುಗಿದರೆ ಡಬ್ಬದ ಮೇಲಿನ ವ್ಯಾಟ್ ಸುಳ್ಳು, ಇಲ್ಲವೇ ಎಲ್ಲೋ ಚೋಕು ಉಳಿದಿದೆ. ಬಿಲ್ಲು ಹೋಲಿಸುವಾಗ ರೂಪಾಯಿಯನ್ನಲ್ಲ, ಯೂನಿಟ್ಟನ್ನು ನೋಡಿ. ಹೋದ ತಿಂಗಳಿಗಲ್ಲ, ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿ. ಮೇ ತಿಂಗಳ ಎಸಿ ಉರಿದಾಗ ದೀಪದ ಉಳಿತಾಯ ಅದರಡಿ ಮುಚ್ಚಿಹೋಗುತ್ತದೆ.

ಒಂದು ವರ್ಷದ ಬಿಲ್ಲುಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆ ಮಂಜೂರಾದ ಲೋಡಿಗಿಂತ ತುಂಬ ಕೆಳಗಿದ್ದರೆ ಮೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಲೋಡ್ ಇಳಿಸಲು ಅರ್ಜಿ ಕೊಡಿ. ನಿಗದಿತ ಶುಲ್ಕ ಇಳಿಯುವುದು ಆಗ ಮಾತ್ರ. ಅವಸರ ಬೇಡ. ಹೊಸ ಎಸಿ, ಹೊಸ ಗ್ರೈಂಡರು ಬರುವುದಿದ್ದರೆ ಅದನ್ನೂ ಲೆಕ್ಕ ಹಿಡಿದು ಕೇಳಿ, ಇಳಿಸಿದ ಮಿತಿ ಮೀರಿದರೆ ದಂಡ ಬೀಳುತ್ತದೆ.

ತೆಗೆದ ಚೋಕುಗಳಲ್ಲಿ ತಾಮ್ರವಿದೆ, ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ, ಕೂಲಿಯ ಒಂದು ಪಾಲು ಅಲ್ಲೇ ಹುಟ್ಟುತ್ತದೆ. ಟ್ಯೂಬು, ಸಿಎಫ್‌ಎಲ್‌ಗಳನ್ನು ಮಾತ್ರ ಗುಜರಿಗೂ ಕಸದ ಗಾಡಿಗೂ ಹಾಕಬೇಡಿ. ಅದರಲ್ಲಿ ಪಾದರಸವಿದೆ, ಇ-ತ್ಯಾಜ್ಯ ನಿಯಮದಡಿ ಬರುತ್ತದೆ. ಹೊಸ ದೀಪದ ಡಬ್ಬಗಳಲ್ಲೇ ಒಡೆಯದಂತೆ ತುಂಬಿಸಿಟ್ಟು ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡಿ. ಇಳಿಸುವಾಗ ಒಂದು ಒಡೆದರೆ ಕಿಟಕಿ ತೆರೆದು ಹದಿನೈದು ನಿಮಿಷ ಹೊರಗಿರಿ, ಫ್ಯಾನು ಹಾಕಬೇಡಿ. ಪೊರಕೆಯಲ್ಲಿ ಗುಡಿಸಿದರೆ ಪುಡಿ ಹಾರುತ್ತದೆ, ಗಟ್ಟಿ ಕಾಗದದಿಂದ ಬಳಿದು, ಉಳಿದ ಪುಡಿಯನ್ನು ಅಂಟುಟೇಪಿನಿಂದ ಒತ್ತಿ ತೆಗೆದು, ಮುಚ್ಚಳವಿರುವ ಡಬ್ಬಿಗೆ ಹಾಕಿ ಅದನ್ನೂ ಆ ಟ್ಯೂಬುಗಳ ಜತೆಗೇ ಕಳಿಸಿ.